ಮೋಟಾರು ಗಾಡಿಯ ಹಿಂಗಿಟಕಿಯಲ್ಲಿ ಗಾಜೂ ಪ್ಲಾಸ್ಟಿಕ್ಕೂ

೧. ವಿಷಯನಿರ್ದೇಶ

ಮೋಟಾರು ಗಾಡಿಯ ಹಿಂಬದಿಯ ಕಿಟಕಿಗೆ ಗಾಜನ್ನು ಹಾಕುವುದು ಸರ್ವತ್ರ ರೂಢಿಯಾಗಿದೆ. ಆದರೆ ಪಂದ್ಯದ ಗಾಡಿಗಳಲ್ಲಿಯೂ, ವೇಗವನ್ನೇ ಮುಖ್ಯವಾಗಿ ಎಣಿಸಿ ನಿರ್ಮಿಸಿದ ಕೆಲವು ರಸ್ತೆಯ ಗಾಡಿಗಳಲ್ಲಿಯೂ ಈ ಗಾಜಿನ ಸ್ಥಾನದಲ್ಲಿ ಹಗುರವಾದ ಪಾರದರ್ಶಕ ಪ್ಲಾಸ್ಟಿಕ್ ಹಲಗೆಯನ್ನು ಕೂರಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಇದನ್ನು ಕಂಡು ತಮ್ಮ ಸಾಮಾನ್ಯ ಗಾಡಿಗಳಲ್ಲಿಯೂ ಹೀಗೆಯೇ ಮಾಡುವವರುಂಟು. ಈ ಆದೇಶದಿಂದ ಲಾಭವೆಷ್ಟು, ನಷ್ಟವೆಷ್ಟು, ಯಾವ ಎಡೆಯಲ್ಲಿ ಇದು ಸಲ್ಲುತ್ತದೆ, ಯಾವ ಎಡೆಯಲ್ಲಿ ಸಲ್ಲದು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ವಿಷಯವು ಯಂತ್ರಶಿಲ್ಪಕ್ಕೆ ಸೇರಿದುದಾದರೂ ಶಬ್ದಾರ್ಥವಿಚಾರಕ್ಕೆ ಹೊರತಾದುದಲ್ಲ. “ಈ ಪ್ಲಾಸ್ಟಿಕ್ ಗಾಜಿಗಿಂತ ಗಟ್ಟಿ” ಎಂದು ಒಬ್ಬನು ಹೇಳುತ್ತಾನೆ. “ಗಾಜು ಪ್ಲಾಸ್ಟಿಕ್ಕಿಗಿಂತ ಗಟ್ಟಿ” ಎಂದು ಮತ್ತೊಬ್ಬನು ಹೇಳುತ್ತಾನೆ. ಎರಡು ವಾಕ್ಯಗಳೂ ನಿಜವೇ. ಹಾಗಾದರೆ ‘ಗಟ್ಟಿ’ ಎಂಬ ಒಂದೇ ಶಬ್ದವು ಎರಡು ಕಡೆಗಳಲ್ಲಿಯೂ ಒಂದೇ ಅರ್ಥವನ್ನು ಕೊಡುತ್ತಿಲ್ಲವೆಂಬುದು ಸ್ಪಷ್ಟ. ಈ ಅರ್ಥಭೇದವನ್ನು ಅರಿಯದೆ ಗಾಜನ್ನು ತೆಗೆಸಿದವನು ಹಣವನ್ನು ಕಳೆದುಕೊಳ್ಳುವುದಲ್ಲದೆ ಹಿಂದಿನ ದಾರಿಯ ನೋಟವನ್ನೂ, ಕೆಲವೊಮ್ಮೆ ಆಪತ್ತಿನಲ್ಲಿ ಹೊರಬೀಳುವ ಮಾರ್ಗವನ್ನೂ ಕಳೆದುಕೊಳ್ಳುತ್ತಾನೆ. ಆದಕಾರಣ ಶಬ್ದಶೋಧನೆಯು ಇಲ್ಲಿ ನಿಷ್ಪ್ರಯೋಜನವಲ್ಲ.

೨. ಶಬ್ದವಿಚಾರ

‘ಗಾಜು’ ಎಂಬುದು ಸಂಸ್ಕೃತದ ‘ಕಾಚ’ ಶಬ್ದದ ತದ್ಭವ. ಕಕಾರಕ್ಕೆ ಗಕಾರವೂ, ಚಕಾರಕ್ಕೆ ಜಕಾರವೂ ಬರುವುದು ಕನ್ನಡದ ತದ್ಭವಗಳಲ್ಲಿ ಪ್ರಸಿದ್ಧವೇ ಆಗಿದೆ. ಅಮರಸಿಂಹನು ನಾನಾರ್ಥವರ್ಗದಲ್ಲಿ ‘ಕಾಚ’ ಶಬ್ದಕ್ಕೆ ಮೂರರ್ಥಗಳನ್ನು ಹೇಳಿದ್ದಾನೆ: ಶಿಕ್ಯ ಅಥವಾ ನೆಲುವು, ಮೃತ್ತಿಕೆಯ ಒಂದು ಭೇದ, ಕಣ್ಣಿನ ಒಂದು ರೋಗ. ಎರಡನೆಯದೇ ನಮ್ಮ ಗಾಜು. ಮರಳನ್ನು ಸೋಡಾ ಮತ್ತು ಸುಣ್ಣಗಳೊಡನೆ ಕರಗಿಸಿ ಮಾಡುವ ಪದಾರ್ಥವನ್ನು ಮೃದ್ಭೇದವೆಂದು ಕರೆದುದು ಉಚಿತವಾಗಿಯೇ ಇದೆ. ಮೂರನೆಯ ಅರ್ಥವಾದ ಕಣ್ಣಿನ ಮಂಜು ಈ ಪ್ರಕರಣದಲ್ಲಿ ಮುಂದೆ ಉಪಯೋಗಕ್ಕೆ ಬರುತ್ತದೆ.

‘ಪ್ಲಾಸ್ಟಿಕ್’ ಎಂಬುದು ಗ್ರೀಕ್ ಮೂಲದ ಶಬ್ದ. ಹಸಿಯ ಮಣ್ಣಿನಂತೆ ರೂಪಕ್ಕೆ ತರಲು ಬರುವುದು ಎಂಬುದು ಅದರ ಮೊದಲಿನ ಅರ್ಥ. ಅದು ವಿಶೇಷಣವಾಗಿದ್ದು ತರುವಾಯ ದ್ರವ್ಯವಾಚಕವಾಯಿತು.

ಇನ್ನು ‘ಹಗುರ’, ‘ಗಟ್ಟಿ’ ಎಂಬ ಗುಣವಾಚಕಗಳು. ವೈಶೇಷಿಕರು ಇಪ್ಪತ್ತನಾಲ್ಕು ಗುಣಗಳನ್ನು ಎಣಿಸಿ ಅವುಗಳಲ್ಲಿ ಗುರುತ್ವವನ್ನು ಸೇರಿಸಿದ್ದಾರೆ, ಲಘುತ್ವವನ್ನು ಸೇರಿಸಿಲ್ಲ. ಅನ್ನಂಭಟ್ಟನು ತನ್ನ ದೀಪಿಕೆಯಲ್ಲಿ ಇದಕ್ಕೆ ಕಾರಣವನ್ನು ಹೇಳುತ್ತಾನೆ: ಲಘುತ್ವವೆಂಬುದು ಗುರುತ್ವದ ಅಭಾವವೇ ಹೊರತು ಬೇರೊಂದು ಗುಣವಲ್ಲ, ಮೃದುತ್ವ ಕಠಿನತ್ವಗಳಾದರೋ ಅವಯವಗಳ ಸಂಯೋಗದ ಭೇದಗಳು. ಬಾಗಿಸಿದುದನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ಧರ್ಮಕ್ಕೆ ಆ ಶಾಸ್ತ್ರದಲ್ಲಿ ‘ಸ್ಥಿತಿಸ್ಥಾಪಕ’ವೆಂದು ಹೆಸರು. ಪ್ರಾಚೀನರು ಇಂದಿನ ರಸಾಯನಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಲು ಹೊರಡುವುದು ಅಸಂಗತ. ಆದರೆ ಒಂದೊಂದು ಧರ್ಮಕ್ಕೆ ಒಂದೊಂದು ಹೆಸರನ್ನಿಟ್ಟು, ಒಂದನ್ನು ಮತ್ತೊಂದರೊಡನೆ ಬೆರಸದೆ ವಿಚಾರಿಸುವ ಅವರ ಕ್ರಮ ಇಲ್ಲಿ ಅನುಕರಣೀಯವಾಗಿದೆ.

ಆ ಕ್ರಮವನ್ನು ಹಿಡಿದು ‘ಗಟ್ಟಿ’ ಎಂಬುದನ್ನು ಮೂರಾಗಿ ವಿಂಗಡಿಸಬಹುದು. ಒತ್ತಿದರೆ ಬಾಗದಿರುವುದು ಅನಮ್ಯತೆ. ಉಜ್ಜಿದರೆ ಗೀರು ಬೀಳದಿರುವುದು ಕಾಠಿನ್ಯ. ಏಟು ಬಿದ್ದರೆ ಒಡೆಯದಿರುವುದು ಅಭಂಗುರತೆ. ಗಾಜಿಗೆ ಮೊದಲಿನೆರಡು ಹೆಚ್ಚು, ಮೂರನೆಯದು ಕಡಮೆ. ಇಲ್ಲಿ ಹೇಳಲಿರುವ ಪ್ಲಾಸ್ಟಿಕ್ಕಿಗೆ ಮೂರನೆಯದು ಹೆಚ್ಚು, ಮೊದಲಿನೆರಡು ಕಡಮೆ. ವಿವಾದದ ಬಹುಭಾಗ ಇಷ್ಟರಿಂದಲೇ ಪರಿಹಾರವಾಗುತ್ತದೆ.

೩. ದ್ರವ್ಯಗಳೂ ಅವುಗಳ ಇತಿಹಾಸವೂ

ಮೊದಮೊದಲಿನ ಬಟ್ಟೆಯ ಛಾವಣಿಯ ಗಾಡಿಗಳಲ್ಲಿ ಮಡಿಸಲು ಅನುಕೂಲವಾಗಲೆಂದು ಸೆಲ್ಯುಲಾಯಿಡ್ ಹಾಳೆಯ ಕಿಟಕಿಗಳನ್ನು ಹೊಲಿಯುತ್ತಿದ್ದರು. ಅದು ಬೇಗನೆ ಹಳದಿಯಾಗುತ್ತಿತ್ತು. ಬೆಂಕಿ ತಗುಲಿದರೆ ಹೊತ್ತಿಕೊಳ್ಳುತ್ತಿತ್ತು. ನಿಜವಾಗಿ ಗಾಜಿಗೆ ಪ್ರತಿಸ್ಪರ್ಧಿಯಾದ ಪ್ಲಾಸ್ಟಿಕ್ ದೊರೆತದ್ದು ಆ ತರುವಾಯ. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ ಆಟೋ ರೋಮ್ ಎಂಬ ರಸಾಯನಜ್ಞನ ಸಂಸ್ಥೆಯು ೧೯೩೩ರಲ್ಲಿ ‘ಪ್ಲೆಕ್ಸಿಗ್ಲಾಸ್’ ಎಂಬ ಹೆಸರಿನಿಂದ ಆಕ್ರಿಲಿಕ್ ಹಲಗೆಯನ್ನು ಪ್ರಚಾರಕ್ಕೆ ತಂದಿತು. ಇಂಗ್ಲೆಂಡಿನಲ್ಲಿ ಅದೇ ದ್ರವ್ಯಕ್ಕೆ ‘ಪರ್ಸ್‌ಪೆಕ್ಸ್’ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನಗಳ ಮುಚ್ಚಿಗೆಗಳನ್ನು ಇದರಿಂದಲೇ ಮಾಡಿದರು. ಒಡೆದ ಮುಚ್ಚಿಗೆಯ ಚೂರುಗಳು ವಿಮಾನಚಾಲಕರ ಕಣ್ಣಿನಲ್ಲಿ ನೆಟ್ಟರೂ ಉರಿಯೂತವನ್ನುಂಟುಮಾಡದುದನ್ನು ಕಂಡ ಹೆರಾಲ್ಡ್ ರಿಡ್ಲಿ ಎಂಬ ನೇತ್ರವೈದ್ಯನು ೧೯೪೯ರಲ್ಲಿ ಲಂಡನ್ನಿನಲ್ಲಿ ಆ ದ್ರವ್ಯದ ಮಸೂರವನ್ನು ರೋಗಿಯ ಕಣ್ಣಿನೊಳಗೆ ಇರಿಸಿದನು. ‘ಕಾಚ’ವೆಂಬ ಹೆಸರು ನೇತ್ರರೋಗಕ್ಕೂ ಇದ್ದುದನ್ನು ನೆನೆದರೆ, ಕಾಚದ ಸ್ಥಾನಕ್ಕೆ ಬಂದ ದ್ರವ್ಯವು ಕಣ್ಣಿನ ಪೊರೆಗೂ ಪರಿಹಾರವಾದುದು ಗಮನಾರ್ಹ.

ಎರಡನೆಯ ದ್ರವ್ಯವು ಪಾಲಿಕಾರ್ಬೊನೇಟ್. ೧೯೫೩ರಲ್ಲಿ ಜರ್ಮನಿಯ ಬಾಯರ್ ಸಂಸ್ಥೆಯಲ್ಲಿ ಹರ್ಮನ್ ಷ್ನೆಲ್ಲನೂ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಡೇನಿಯಲ್ ಫಾಕ್ಸನೂ ಒಬ್ಬರನ್ನೊಬ್ಬರು ಅರಿಯದೆ ಇದನ್ನು ಕಂಡುಹಿಡಿದರು. ‘ಮಾಕ್ರೊಲಾನ್’ ಮತ್ತು ‘ಲೆಕ್ಸಾನ್’ ಎಂಬ ವ್ಯಾಪಾರನಾಮಗಳು ಆ ಎರಡು ಮೂಲಗಳಿಂದ ಬಂದವು. ಆಕ್ರಿಲಿಕ್ಕು ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಏಟಿಗೆ ಸೀಳುತ್ತದೆ. ಪಾಲಿಕಾರ್ಬೊನೇಟು ಸುತ್ತಿಗೆಯ ಏಟಿಗೂ ಸಾಮಾನ್ಯವಾಗಿ ಒಡೆಯದು. ಆದರೆ ರಕ್ಷಣೆಯಿಲ್ಲದಿದ್ದರೆ ಬಿಸಿಲಿನ ಅತಿನೇರಳೆ ಕಿರಣಗಳಿಂದ ಹಳದಿಯಾಗುತ್ತದೆ. ಪಂದ್ಯದ ಗಾಡಿಗಳಲ್ಲಿ ಈಗ ಹೆಚ್ಚಾಗಿ ಎರಡನೆಯದನ್ನೇ ಬಳಸುವುದಕ್ಕೆ ಅದರ ಅಭಂಗುರತೆಯೇ ಕಾರಣ.

ಪ್ರಯೋಗದ ಉದಾಹರಣೆಗಳು ಪ್ರಸಿದ್ಧವಾಗಿವೆ. ಪೋರ್ಷೆ ಸಂಸ್ಥೆಯು ೧೯೬೭ರಲ್ಲಿ ನಿರ್ಮಿಸಿದ ೯೧೧ ಆರ್ ಎಂಬ ಗಾಡಿಯಲ್ಲಿ ಪಕ್ಕದ ಮತ್ತು ಹಿಂದಿನ ಕಿಟಕಿಗಳಿಗೆ ಪ್ಲೆಕ್ಸಿಗ್ಲಾಸನ್ನು ಹಾಕಿ, ಬಾಗಿಲು ಮುಂತಾದ ಇತರ ಅಂಗಗಳನ್ನೂ ಹಗುರಗೊಳಿಸಿ, ಒಟ್ಟು ತೂಕವನ್ನು ಸುಮಾರು ೮೦೦ ಕಿಲೋಗ್ರಾಮಿಗೆ ಇಳಿಸಿದರು. ೧೯೮೭ರ ಫೆರಾರಿ ಎಫ್-೪೦ ಗಾಡಿಯಲ್ಲಿ ಇಂಜಿನಿನ ಮೇಲಿನ ಪಾರದರ್ಶಕ ಹಲಗೆಯು ಪ್ಲಾಸ್ಟಿಕ್ಕಿನದು. ಬಿಸಿಗಾಳಿ ಹೊರಹೋಗಲೆಂದು ಅದರಲ್ಲಿ ಸೀಳುಗಳನ್ನು ಮಾಡಿದ್ದರು. ಹದಗೊಳಿಸಿದ ಗಾಜಿನಲ್ಲಿ ಹೀಗೆ ಕೊರೆಯುವುದು ಅಶಕ್ಯ. ೨೦೧೬ರಲ್ಲಿ ಪೋರ್ಷೆ ಸಂಸ್ಥೆಯು ೯೧೧ ಆರ್ ಎಂಬ ಹೆಸರನ್ನು ಮತ್ತೆ ಬಳಸಿ ೯೯೧ ಗಾಡಿಗಳನ್ನು ಹೊರತಂದಾಗಲೂ ಹಿಂಗಿಟಕಿಯನ್ನೂ ಹಿಂಬದಿಯ ಪಕ್ಕದ ಕಿಟಕಿಗಳನ್ನೂ ಹಗುರವಾದ ಪ್ಲಾಸ್ಟಿಕ್ಕಿನಿಂದಲೇ ಮಾಡಿತು. ಆ ಗಾಡಿಯ ತೂಕ ೧,೩೭೦ ಕಿಲೋಗ್ರಾಂ.

ಇದಕ್ಕೆ ವಿಪರೀತವಾದ ಉದಾಹರಣೆಯೂ ಉಂಟು. ಮಾಜ್ದಾ ಸಂಸ್ಥೆಯ ಎಂಎಕ್ಸ್-೫ ಎಂಬ ತೆರೆದ ಗಾಡಿಗೆ ೧೯೮೯ರಲ್ಲಿ ಮೆತುವಾದ ಪ್ಲಾಸ್ಟಿಕ್ ಹಾಳೆಯ ಹಿಂಗಿಟಕಿ ಇತ್ತು. ೧೯೯೮ರ ಎರಡನೆಯ ಮಾದರಿಯಲ್ಲಿ ಅದನ್ನು ತೆಗೆದು ಮಂಜನ್ನು ಕರಗಿಸುವ ತಂತಿಗಳುಳ್ಳ ಗಾಜನ್ನು ಹಾಕಿದರು. ಪೋರ್ಷೆ ಸಂಸ್ಥೆಯೇ ತನ್ನ ಬಾಕ್ಸ್‌ಟರ್ ಗಾಡಿಯಲ್ಲಿ ೨೦೦೩ರ ಮಾದರಿಯಿಂದ ಪ್ಲಾಸ್ಟಿಕ್ ಹಾಳೆಯ ಸ್ಥಾನಕ್ಕೆ ಗಾಜನ್ನು ತಂದಿತು. ಒಂದೇ ಸಂಸ್ಥೆಯು ಒಂದು ಗಾಡಿಯಲ್ಲಿ ಗಾಜನ್ನು ತೆಗೆದು, ಮತ್ತೊಂದರಲ್ಲಿ ಗಾಜನ್ನು ತಂದಿತೆಂದ ಮೇಲೆ ಇಲ್ಲಿ ಪ್ರಯೋಜನಭೇದವೇ ನಿರ್ಣಾಯಕವೆಂದು ತಿಳಿಯಬೇಕು.

೪. ಪೂರ್ವಪಕ್ಷ: ತೂಕದ ಲೆಕ್ಕ

ಪ್ಲಾಸ್ಟಿಕ್ಕಿನ ಪಕ್ಷವನ್ನು ಹಿಡಿದವರ ಮುಖ್ಯವಾದ ಹೇತುವು ಲಾಘವ. ಒಂದು ಘನಮೀಟರ್ ಗಾಜು ಸುಮಾರು ೨,೫೦೦ ಕಿಲೋಗ್ರಾಂ ತೂಗುತ್ತದೆ. ಅಷ್ಟೇ ಪಾಲಿಕಾರ್ಬೊನೇಟು ಸುಮಾರು ೧,೨೦೦, ಆಕ್ರಿಲಿಕ್ಕು ಸುಮಾರು ೧,೧೯೦ ಕಿಲೋಗ್ರಾಂ. ೧.೨ ಮೀಟರ್ ಅಗಲ, ೦.೫ ಮೀಟರ್ ಎತ್ತರದ ಒಂದು ಹಿಂಗಿಟಕಿಯನ್ನು ಭಾವಿಸಿಕೊಂಡರೆ ಅದರ ವಿಸ್ತೀರ್ಣ ೦.೬ ಚದರ ಮೀಟರ್. ೪ ಮಿಲಿಮೀಟರ್ ದಪ್ಪದ ಗಾಜಾದರೆ ತೂಕ ೬ ಕಿಲೋಗ್ರಾಂ. ೩ ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟಾದರೆ ೨.೧೬ ಕಿಲೋಗ್ರಾಂ. ಉಳಿತಾಯವು ೩.೮೪ ಕಿಲೋಗ್ರಾಂ.

ಈ ತೂಕವು ಗಾಡಿಯ ಮೇಲ್ಭಾಗದಲ್ಲಿ ಇಳಿಯುವುದರಿಂದ ಗುರುತ್ವಕೇಂದ್ರವು ಕೊಂಚ ಕೆಳಗೆ ಬರುತ್ತದೆ. ತಿರುವಿನಲ್ಲಿ ಗಾಡಿ ಓಲುವುದು ಕಡಮೆಯಾಗುತ್ತದೆ. ಇಂಜಿನು ಹಿಂಭಾಗದಲ್ಲಿರುವ ಗಾಡಿಗಳಲ್ಲಿ ಹಿಂದಿನ ಭಾರವನ್ನು ಇಳಿಸುವುದಕ್ಕೆ ವಿಶೇಷವಾದ ಫಲವೂ ಉಂಟು. ಇಷ್ಟನ್ನು ಒಪ್ಪಬೇಕಾದುದೇ. ಆದರೆ ಪ್ರಮಾಣವನ್ನೂ ನೋಡಬೇಕು. ೮೦೦ ಕಿಲೋಗ್ರಾಂ ತೂಗುವ ಪಂದ್ಯದ ಗಾಡಿಯಲ್ಲಿ ಈ ಉಳಿತಾಯ ಸುಮಾರು ಅರ್ಧ ಪ್ರತಿಶತ. ೧,೩೭೦ ಕಿಲೋಗ್ರಾಮಿನ ಗಾಡಿಯಲ್ಲಿ ಕಾಲು ಪ್ರತಿಶತಕ್ಕಿಂತ ತುಸು ಹೆಚ್ಚು. ಹತ್ತಾರು ಅಂಗಗಳಲ್ಲಿ ಹೀಗೆಯೇ ಕೂಡಿಸುತ್ತ ಹೋದಾಗ ಮಾತ್ರ ಫಲ ಕಾಣುತ್ತದೆ. ಹನಿಹನಿಗೂಡಿದರೆ ಹಳ್ಳವೆಂಬುದು ನಿಜ. ಆದರೆ ಒಂದೇ ಹನಿಯನ್ನು ಹಳ್ಳವೆನ್ನಲಾಗದು.

೫. ಉತ್ತರಪಕ್ಷ

(ಅ) ಅನಮ್ಯತೆ. ಗಾಜಿನ ಸ್ಥಿತಿಸ್ಥಾಪಕಾಂಕವು ಸುಮಾರು ೭೦ ಗಿಗಾಪಾಸ್ಕಲ್. ಪಾಲಿಕಾರ್ಬೊನೇಟಿನದು ಸುಮಾರು ೨.೪. ಎಂದರೆ ಒಂದೇ ದಪ್ಪದ ಎರಡು ಚಪ್ಪಟೆ ಹಲಗೆಗಳನ್ನು ಒಂದೇ ಬಲದಿಂದ ಮೆಲ್ಲನೆ ಒತ್ತಿದರೆ ಪ್ಲಾಸ್ಟಿಕ್ಕು ಗಾಜಿಗಿಂತ ಸುಮಾರು ೨೯ ಮಡಿ ಹೆಚ್ಚು ಬಾಗುತ್ತದೆ. ಬಾಗುವಿಕೆಯನ್ನು ತಡೆಯುವ ಶಕ್ತಿಯು ದಪ್ಪದ ಘನವನ್ನು ಅನುಸರಿಸುವುದರಿಂದ, ಗಾಜಿನಷ್ಟೇ ಅನಮ್ಯತೆ ಬೇಕಾದರೆ ಪ್ಲಾಸ್ಟಿಕ್ಕಿನ ದಪ್ಪವನ್ನು ೨೯ರ ಘನಮೂಲದಷ್ಟು, ಎಂದರೆ ಸುಮಾರು ೩.೧ ಮಡಿ, ಹೆಚ್ಚಿಸಬೇಕು. ಹಿಂದೆ ಹೇಳಿದ ಕಿಟಕಿಗೆ ಆಗ ಸುಮಾರು ೧೨ ಮಿಲಿಮೀಟರಿಗೂ ಮಿಕ್ಕ ದಪ್ಪದ ಹಲಗೆ ಬೇಕಾಗಿ, ಅದರ ತೂಕ ೯ ಕಿಲೋಗ್ರಾಮಿಗೆ ಹತ್ತಿರವಾಗುತ್ತದೆ. ಗಾಜಿನ ತೂಕವು ಆರೇ.

ಇದರಿಂದ ಫಲಿಸುವ ಅರ್ಥವು ಮುಖ್ಯವಾದುದು. ಸಮಾನವಾದ ಅನಮ್ಯತೆಯನ್ನು ಅಪೇಕ್ಷಿಸಿದರೆ ಪ್ಲಾಸ್ಟಿಕ್ಕು ಗಾಜಿಗಿಂತ ಹಗುರವಲ್ಲ, ಭಾರ. ಅದು ಹಗುರವಾಗುವುದು ಹೆಚ್ಚು ಬಾಗಿದರೂ ಚಿಂತೆಯಿಲ್ಲವೆಂದು ನಾವು ಒಪ್ಪಿಕೊಂಡುದರಿಂದ. ಲಘುತ್ವವು ಗುರುತ್ವಾಭಾವವೆಂಬ ಮಾತನ್ನು ಇಲ್ಲಿಗೆ ಅನ್ವಯಿಸಿ, ಆ ಅಭಾವದೊಡನೆ ಮತ್ತಾವುದರ ಅಭಾವವು ಬಂದಿತೆಂದು ಕೇಳಿದರೆ ದೊರೆಯುವ ಉತ್ತರ ಇದೇ. ಗಾಜು ಬಾಗಿದರೆ ಒಡೆಯುತ್ತದೆಯಾದ್ದರಿಂದ ಅದು ದಪ್ಪವಾಗಿರಬೇಕು. ಪ್ಲಾಸ್ಟಿಕ್ಕು ಬಾಗಿದರೂ ಒಡೆಯದೆ ಹಿಂತಿರುಗುತ್ತದೆಯಾದ್ದರಿಂದ ತೆಳುವಾಗಿದ್ದರೂ ಸಲ್ಲುತ್ತದೆ. ಹಲಗೆಗೆ ಕಮಾನಿನಂತೆ ವಕ್ರತೆಯಿದ್ದರೆ ಬಾಗುವಿಕೆ ಬಹಳ ಮಟ್ಟಿಗೆ ಕಡಮೆಯಾಗುವುದು.

ವೇಗದಲ್ಲಿ ಈ ದೋಷ ಪ್ರಕಟವಾಗುತ್ತದೆ. ಇಳಿಜಾರಾದ ಹಿಂಗಿಟಕಿಯ ಹೊರಗಡೆ ಗಾಳಿಯ ಒತ್ತಡ ಕುಗ್ಗಿ, ಒಳಗಿನ ಗಾಳಿಯು ಹಲಗೆಯನ್ನು ಹೊರಕ್ಕೆ ತಳ್ಳುತ್ತದೆ. ಗಂಟೆಗೆ ೨೦೦ ಕಿಲೋಮೀಟರ್ ವೇಗದಲ್ಲಿ ಗಾಳಿಯ ಗತಿಜನ್ಯ ಒತ್ತಡವು ಚದರ ಮೀಟರಿಗೆ ಸುಮಾರು ೧,೮೫೦ ನ್ಯೂಟನ್. ಅದರ ಮೂರರಲ್ಲೊಂದು ಭಾಗದಷ್ಟು ಸೆಳೆತವಿದೆಯೆಂದು ಭಾವಿಸಿದರೂ ಹಿಂದೆ ಹೇಳಿದ ಕಿಟಕಿಯ ಮೇಲೆ ಸುಮಾರು ೩೭೦ ನ್ಯೂಟನ್, ಎಂದರೆ ೩೮ ಕಿಲೋಗ್ರಾಂ ಭಾರದಷ್ಟು ಬಲ ಬೀಳುತ್ತದೆ. ವೇಗ ಎರಡು ಮಡಿಯಾದರೆ ಬಲ ನಾಲ್ಕು ಮಡಿ. ಪಂದ್ಯದ ಗಾಡಿಗಳಲ್ಲಿ ಹಿಂಗಿಟಕಿಯ ಮೇಲೆ ಲೋಹದ ಪಟ್ಟಿಗಳನ್ನು ಬಿಗಿದಿರುವುದು ಅಲಂಕಾರಕ್ಕಾಗಿ ಅಲ್ಲ.

(ಆ) ಕಾಠಿನ್ಯ. ಗಾಜಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಅಣುಗಳು ಎಲ್ಲ ದಿಕ್ಕುಗಳಲ್ಲಿಯೂ ಬಲೆಯಂತೆ ಕೂಡಿಕೊಂಡಿವೆ. ಪ್ಲಾಸ್ಟಿಕ್ಕಿನಲ್ಲಿ ಉದ್ದವಾದ ಸರಪಳಿಗಳು ಒಂದರೊಡನೊಂದು ಹೆಣೆದುಕೊಂಡಿರುವುವೇ ಹೊರತು ಬಲವಾಗಿ ಬೆಸೆದುಕೊಂಡಿಲ್ಲ. ಕಾಠಿನ್ಯವು ಅವಯವಸಂಯೋಗದ ಭೇದವೆಂಬ ಮಾತಿಗೆ ಇದು ಒಳ್ಳೆಯ ನಿದರ್ಶನ. ರಸ್ತೆಯ ಧೂಳಿನಲ್ಲಿರುವ ಮರಳಿನ ಕಣಗಳು ಒಣಬಟ್ಟೆಯ ಒಂದು ಉಜ್ಜಿಗೇ ಪ್ಲಾಸ್ಟಿಕ್ಕಿನ ಮೇಲೆ ಗೀರುಗಳನ್ನೆಳೆಯುತ್ತವೆ. ಗೀರುಗಳು ಕೂಡಿದಾಗ ಹಲಗೆಯು ಮಸುಕಾಗುತ್ತದೆ. ಹಿಂದಿನಿಂದ ಬರುವ ಗಾಡಿಯ ದೀಪದ ಬೆಳಕು ಅದರ ಮೇಲೆ ಬಿದ್ದು ಎಲ್ಲೆಡೆಯೂ ಚದರುತ್ತದೆ. ಕಾಚರೋಗವು ಕಣ್ಣಿನಿಂದ ಕಿಟಕಿಗೆ ಸಂಕ್ರಮಿಸಿತೆಂದೇ ಹೇಳಬಹುದು. ಇದನ್ನು ತಡೆಯಲು ಸಿಲಿಕಾನ್ ಮೂಲದ ಕಠಿನಲೇಪವನ್ನು ಹಲಗೆಯ ಎರಡು ಮೈಗೂ ಕೊಡುತ್ತಾರೆ. ಅತಿನೇರಳೆ ಕಿರಣಗಳನ್ನು ತಡೆಯುವ ದ್ರವ್ಯವನ್ನೂ ಸೇರಿಸುತ್ತಾರೆ. ಲೇಪವಿಲ್ಲದ ಹಲಗೆಯನ್ನು ರಸ್ತೆಯ ಗಾಡಿಗೆ ಹಾಕುವುದು ಅವಿವೇಕ.

(ಇ) ಅಭಂಗುರತೆಯ ದೋಷ. ಇದು ಗುಣವೇ ಆದರೂ ಸನ್ನಿವೇಶಭೇದದಿಂದ ದೋಷವಾಗುತ್ತದೆ. ಹಿಂಗಿಟಕಿಗೆ ಸಾಮಾನ್ಯವಾಗಿ ಹಾಕುವ ಗಾಜನ್ನು ೬೦೦ ಡಿಗ್ರಿಗೂ ಮಿಕ್ಕಿ ಕಾಯಿಸಿ, ಗಾಳಿಯಿಂದ ಥಟ್ಟನೆ ತಣಿಸಿ ಹದಗೊಳಿಸಿರುತ್ತಾರೆ. ಅದು ಒಡೆದರೆ ಮೊಂಡಾದ ಸಣ್ಣ ಚೂರುಗಳಾಗಿ ಉದುರುತ್ತದೆ. ಗಾಡಿಯು ಉರುಳಿಯೋ ನೀರಿಗೆ ಬಿದ್ದೋ ಬಾಗಿಲುಗಳು ತೆರೆಯದಿದ್ದಾಗ ಚೂಪಾದ ಸುತ್ತಿಗೆಯಿಂದ ಒಂದೇ ಏಟಿಗೆ ಆ ಗಾಜನ್ನು ಒಡೆದು ಹೊರಬರಬಹುದು. ಪಾಲಿಕಾರ್ಬೊನೇಟು ಹಾಗೆ ಒಡೆಯದು. ಕಲ್ಲನ್ನು ಒಳಕ್ಕೆ ಬಿಡದ ಗುಣವೇ ಮನುಷ್ಯನನ್ನು ಹೊರಕ್ಕೆ ಬಿಡದ ದೋಷವಾಗಿ ಪರಿಣಮಿಸುತ್ತದೆ.

(ಈ) ತಾಪ. ಗಾಜು ಒಂದು ಡಿಗ್ರಿ ಬಿಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ೯ ಭಾಗ ಹಿಗ್ಗಿದರೆ ಪಾಲಿಕಾರ್ಬೊನೇಟು ಸುಮಾರು ೬೮ ಭಾಗ ಹಿಗ್ಗುತ್ತದೆ. ೧.೨ ಮೀಟರ್ ಅಗಲದ ಹಲಗೆಯು ೫೦ ಡಿಗ್ರಿಗಳ ವ್ಯತ್ಯಾಸದಲ್ಲಿ ಸುಮಾರು ೪ ಮಿಲಿಮೀಟರ್ ಬೆಳೆಯುತ್ತದೆ. ಗಾಜು ಅರ್ಧ ಮಿಲಿಮೀಟರಿನಷ್ಟು. ಮೃದುವಾಗುವ ಉಷ್ಣತೆಯು ಪಾಲಿಕಾರ್ಬೊನೇಟಿಗೆ ೧೪೫ ಡಿಗ್ರಿಗಳ ಆಸುಪಾಸು, ಆಕ್ರಿಲಿಕ್ಕಿಗೆ ೧೦೫ರ ಆಸುಪಾಸು. ಇಂಜಿನಿನ ಸಮೀಪದಲ್ಲಿರುವ ಕಿಟಕಿಗೆ ಈ ಭೇದ ಲೆಕ್ಕಕ್ಕೆ ಬರುತ್ತದೆ.

೬. ಅಳವಡಿಸುವ ಕ್ರಮ

ಮೇಲೆ ಹೇಳಿದ ಧರ್ಮಗಳಿಂದಲೇ ಅಳವಡಿಕೆಯ ನಿಯಮಗಳು ಹುಟ್ಟುತ್ತವೆ. ಹಳೆಯ ಗಾಜನ್ನು ಅಚ್ಚಾಗಿಟ್ಟುಕೊಂಡು ಕಾಗದದ ಮಾದರಿಯನ್ನು ತೆಗೆದು, ರಕ್ಷಣೆಯ ಹಾಳೆಯನ್ನು ಕೀಳದೆಯೇ ಹಲಗೆಯನ್ನು ಕತ್ತರಿಸಬೇಕು. ಸುತ್ತಲೂ ಹಿಗ್ಗುವುದಕ್ಕೆ ಎಡೆಬಿಡಬೇಕು. ತಿರುಪುಗಳಿಗಾಗಿ ಕೊರೆಯುವ ರಂಧ್ರಗಳು ತಿರುಪಿಗಿಂತ ದೊಡ್ಡವಾಗಿರಬೇಕು; ಅಂಚಿಗೆ ಸಮೀಪವಾಗಿರಕೂಡದು. ತಿರುಪನ್ನು ಬಲವಾಗಿ ಬಿಗಿದರೆ ಹಿಗ್ಗುವ ಹಲಗೆಯು ರಂಧ್ರದ ಬಳಿ ಸೀಳುತ್ತದೆ. ಕತ್ತರಿಸಿದ ಅಂಚನ್ನು ನುಣುಪುಮಾಡದಿದ್ದರೆ ಅಲ್ಲಿಂದಲೂ ಬಿರುಕು ಹೊರಡುತ್ತದೆ.

ಒಂದೇ ದಿಕ್ಕಿನಲ್ಲಿ ಬಾಗಿದ ಕಿಟಕಿಯಾದರೆ ಹಲಗೆಯನ್ನು ಕಾಯಿಸದೆಯೇ ಬಾಗಿಸಿ ಕೂರಿಸಬಹುದು. ಆದರೆ ವಕ್ರತೆಯ ತ್ರಿಜ್ಯವು ದಪ್ಪದ ನೂರು ಮಡಿಗೆ ಕಡಮೆಯಾಗಬಾರದು. ಕಠಿನಲೇಪವುಳ್ಳ ಹಲಗೆಗೆ ಇನ್ನೂ ಹೆಚ್ಚಿನ ತ್ರಿಜ್ಯ ಬೇಕು. ಎರಡು ದಿಕ್ಕುಗಳಲ್ಲಿಯೂ ಬಾಗಿದ ಕಿಟಕಿಯಾದರೆ ಹಲಗೆಯನ್ನು ಅಚ್ಚಿನ ಮೇಲೆ ಕಾಯಿಸಿ ರೂಪಿಸಬೇಕು. ಪಾಲಿಕಾರ್ಬೊನೇಟು ಗಾಳಿಯ ತೇವವನ್ನು ಹೀರಿಕೊಂಡಿರುವುದರಿಂದ ಮೊದಲು ಒಣಗಿಸದೆ ಕಾಯಿಸಿದರೆ ಒಳಗೆ ಗುಳ್ಳೆಗಳೇಳುತ್ತವೆ.

ಶುಚಿಮಾಡುವುದಕ್ಕೆ ಸಾಬೂನಿನ ನೀರೂ ಮೆತುವಾದ ಬಟ್ಟೆಯೂ ಸಾಕು. ಆಸಿಟೋನ್, ಪೆಟ್ರೋಲು, ಅಮೋನಿಯಾ ಸೇರಿದ ಗಾಜುಶೋಧಕಗಳು ಪಾಲಿಕಾರ್ಬೊನೇಟನ್ನು ಕೆಡಿಸುತ್ತವೆ. ತಿರುಪು ಸಡಿಲವಾಗದಿರಲೆಂದು ಹಚ್ಚುವ ಅಂಟೂ, ಮೆತುವಾದ ಪಿವಿಸಿ ಪಟ್ಟಿಯಿಂದ ಒಸರುವ ಎಣ್ಣೆಯೂ ಬಿರುಕುಗಳನ್ನುಂಟುಮಾಡಬಲ್ಲವು.

೭. ದೃಷ್ಟಿಯೂ ವಿಧಿಯೂ

ಹೊಸ ಪಾಲಿಕಾರ್ಬೊನೇಟು ಬೆಳಕಿನಲ್ಲಿ ಸುಮಾರು ೮೮ ಪ್ರತಿಶತವನ್ನು ಬಿಡುತ್ತದೆ. ಆಕ್ರಿಲಿಕ್ಕು ಸುಮಾರು ೯೨. ಭಾರತದ ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನೂರನೆಯದು ಮುಂದಿನ ಮತ್ತು ಹಿಂದಿನ ಗಾಜುಗಳಿಗೆ ಕನಿಷ್ಠ ೭೦ ಪ್ರತಿಶತವನ್ನೂ, ಪಕ್ಕದವಕ್ಕೆ ೫೦ ಪ್ರತಿಶತವನ್ನೂ ವಿಧಿಸಿದೆ. ಅಂಕಿಯ ಮಟ್ಟಿಗೆ ಸ್ವಚ್ಛವಾದ ಹೊಸ ಹಲಗೆಯು ಇದನ್ನು ಮೀರುತ್ತದೆ. ಆದರೆ ಎಷ್ಟು ಬೆಳಕು ಬಂದಿತೆಂಬುದು ಒಂದು, ಬಂದ ಬೆಳಕು ಚದರದೆ ಬಂದಿತೇ ಎಂಬುದು ಮತ್ತೊಂದು. ಗೀರುಬಿದ್ದ ಹಲಗೆಯು ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋಲುತ್ತದೆ. ಯುರೋಪು ಮುಂತಾದ ದೇಶಗಳು ಅನುಸರಿಸುವ ಸಂಯುಕ್ತರಾಷ್ಟ್ರಗಳ ೪೩ನೆಯ ನಿಬಂಧನೆಯು ಗಡುಸಾದ ಪ್ಲಾಸ್ಟಿಕ್ ಹಲಗೆಗಳಿಗೆ ಪ್ರತ್ಯೇಕವಾದ ಪರೀಕ್ಷೆಗಳನ್ನು ಹೇಳಿದೆ. ಗೀರಿನ ಪರೀಕ್ಷೆಯು ಅವುಗಳಲ್ಲಿ ಒಂದು. ಪರೀಕ್ಷೆಯಲ್ಲಿ ತೇರ್ಗಡೆಯಾದ ಗುರುತಿಲ್ಲದ ಹಲಗೆಯು ಎಷ್ಟೇ ಸ್ವಚ್ಛವಾಗಿದ್ದರೂ ಪಂದ್ಯದ ಅಂಗಳಕ್ಕೆ ತಕ್ಕುದೇ ಹೊರತು ರಸ್ತೆಗೆ ತಕ್ಕುದಲ್ಲ.

ಗಾಜಿನ ಮೇಲೆ ಅಚ್ಚುಮಾಡಿದ ಬೆಳ್ಳಿಯ ಗೆರೆಗಳಲ್ಲಿ ವಿದ್ಯುತ್ತು ಹರಿದು ಮಂಜನ್ನು ಕರಗಿಸುತ್ತದೆ. ಗಾಜು ಹೋದರೆ ಈ ಸೌಕರ್ಯವೂ ಹೋಗುತ್ತದೆ. ಮಳೆಗಾಲದಲ್ಲಿ ಮೂವರು ಕುಳಿತ ಗಾಡಿಯ ಹಿಂಗಿಟಕಿ ಒಳಗಿನಿಂದ ಮಂಜಾದರೆ ಅದು ಗೋಡೆಗೆ ಸಮಾನ.

೮. ನಿರ್ಣಯ

ಈ ವಿಚಾರದಿಂದ ಸಿದ್ಧವಾಗುವ ಅಂಶಗಳು ಮೂರು. ಮೊದಲನೆಯದಾಗಿ, ಪ್ರತಿಯೊಂದು ಅಂಗದಲ್ಲಿಯೂ ತೂಕವನ್ನು ಇಳಿಸಿರುವ, ಚಾಲಕನನ್ನು ಪಟ್ಟಿಗಳಿಂದ ಬಿಗಿದು ಪಂಜರದೊಳಗೆ ಕೂರಿಸಿರುವ, ಹೊರಬರುವ ಮಾರ್ಗವನ್ನು ಬೇರೆಯಾಗಿ ಕಲ್ಪಿಸಿರುವ ಪಂದ್ಯದ ಗಾಡಿಯಲ್ಲಿ ಪಾಲಿಕಾರ್ಬೊನೇಟಿನ ಹಿಂಗಿಟಕಿಯು ಸರ್ವಥಾ ಯುಕ್ತ. ಎರಡನೆಯದಾಗಿ, ತಯಾರಕರೇ ಪರೀಕ್ಷಿಸಿ, ಲೇಪಗಳನ್ನು ಕೊಟ್ಟು, ವಕ್ರತೆಯನ್ನು ಗೊತ್ತುಮಾಡಿ ಅಳವಡಿಸಿರುವ ರಸ್ತೆಯ ಗಾಡಿಯಲ್ಲಿಯೂ ಅದಕ್ಕೆ ಆಕ್ಷೇಪವಿಲ್ಲ. ಮೂರನೆಯದಾಗಿ, ಸಾಮಾನ್ಯವಾದ ಗಾಡಿಯಲ್ಲಿ ಒಂದು ಹಿಂಗಿಟಕಿಯನ್ನು ಮಾತ್ರ ಬದಲಾಯಿಸಿದರೆ ದೊರೆಯುವುದು ನಾಲ್ಕು ಕಿಲೋಗ್ರಾಮಿಗೂ ಕಡಮೆಯಾದ ಲಾಭ. ಹೋಗುವುದು ಕಾಠಿನ್ಯ, ಅನಮ್ಯತೆ, ಮಂಜು ಕರಗಿಸುವ ಸೌಕರ್ಯ, ಒಡೆದು ಹೊರಬರುವ ದಾರಿ. ಪ್ರಯಾಣಕ್ಕೆ ಹೊರಡುವಾಗ ಇಷ್ಟೇ ತೂಕದ ಸಾಮಾನನ್ನು ಮನೆಯಲ್ಲಿ ಬಿಟ್ಟುಹೋದರೂ ಒಟ್ಟು ತೂಕದ ಲಾಭವು ಅಷ್ಟೇ ಆಗುತ್ತದೆ.

ಕಾಚವನ್ನು ಮಣಿಯೊಡನೆ ಹೋಲಿಸಿ ಹೀನವೆಂದು ಹೇಳುವುದು ಸುಭಾಷಿತಕಾರರ ರೂಢಿ. ಪ್ಲಾಸ್ಟಿಕ್ಕಿನೊಡನೆ ಹೋಲಿಸುವಲ್ಲಿ ಅದೇ ಕಾಚಕ್ಕೆ ಕೆಲವು ಗುಣಗಳಲ್ಲಿ ಮಣಿಯ ಸ್ಥಾನ ದೊರೆಯುತ್ತದೆ. ಕೆಲವು ಗುಣಗಳಲ್ಲಿ ದೊರೆಯದು. ಯಾವ ಗುಣದಲ್ಲಿ ಎಂಬ ಪ್ರಶ್ನೆಯನ್ನು ಕೇಳದೆ ಒಂದನ್ನು ಮೇಲೆಂದೂ ಮತ್ತೊಂದನ್ನು ಕೀಳೆಂದೂ ಹೇಳುವ ವಾಕ್ಯಕ್ಕೆ ಅರ್ಥವಿಲ್ಲ. ಪಾಠಶಾಲೆಗಳಲ್ಲಿ ಗುಣವಾಚಕಗಳನ್ನು ಬೋಧಿಸುವವರು ‘ಗಟ್ಟಿ’ ಎಂಬ ಶಬ್ದವನ್ನು ಈ ಮೂರು ಅರ್ಥಗಳಿಗೆ ಬಿಡಿಸಿ ತೋರಿಸಿದರೆ ವಿದ್ಯಾರ್ಥಿಗಳಿಗೆ ಭಾಷೆಯೂ ಪದಾರ್ಥವೂ ಒಟ್ಟಿಗೆ ತಿಳಿದಾವು.